ಹುಳ ಹಣ್ಣಾದ ದಿನ

ನಾನು ಒಂದು ಮೊಪೆಡ್ಡಿಗೆ ಸೀರೆ ಉಡಿಸಿದೆ. ನನ್ನ ದಡ್ಡ ಕೆಲಸಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ಸಾತನೂರಿನಿಂದ ಹೊರಟು ಕನಕಪುರದ ಬಸ್ ಸ್ಟ್ಯಾಂಡ್ ಸುತ್ತಿಕೊಂಡು ವಾಪಸ್ ಬರುತ್ತದೆ. ಆದರೆ ಬಾವುಟ ಹಿಡಿದು ಎಲ್ಲಕ್ಕಿಂತ ಮುಂದೆ ನಿಲ್ಲುವುದು ಇದೇ. ಕೈಯಿಂದ ಉಡಿಸಲಿಲ್ಲ, ಬಾಯಿಂದ ಉಡಿಸಿದೆ. ಕೈಯಿಂದ ಉಡಿಸಿದ್ದರೆ ಒಂದು ಸೀರೆಗೆ ಗ್ರೀಸ್ ಹತ್ತುತ್ತಿತ್ತು, ಒಗೆದರೆ ಹೋಗುತ್ತಿತ್ತು. ಬಾಯಿಂದ ಉಡಿಸಿದ್ದಕ್ಕೆ ಊರೇ ನಮ್ಮತ್ತೆಯನ್ನು ಮಾತಾಡಿಸುವುದು ಬಿಟ್ಟಿತು.

ಅತ್ತೆ ಎಂದರೆ ಅಪ್ಪನ ತಂಗಿ. ಮಾಗಡಿ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ನಾನು ಪಿಯುಸಿ ಎರಡನೇ ಸಲ ಫೇಲಾದ ವರ್ಷ ಒಂದು ಟ್ರಂಕು ಹಿಡಿದು ವಾಪಸ್ ಬಂದಳು. ನಾನು ಫೇಲಾದದ್ದನ್ನು ಯಾರೂ ಗಮನಿಸದ ಹಾಗೆ ಮಾಡಿದ ಪುಣ್ಯಾತ್ಮಳು. ಯಾಕೆ ಬಂದೆ ಎಂದು ಊರವರೆಲ್ಲ ಕೇಳಿದರು, ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಎರಡು ದಿನ ಮಾತಾಡಿ ಮರೆಯುತ್ತಿದ್ದರು. ಹೇಳದೇ ಇದ್ದದ್ದಕ್ಕೆ ಪ್ರತಿ ಮನೆಯವರೂ ತಮಗೆ ಇಷ್ಟವಾದ ಒಂದು ಕಾರಣವನ್ನು ಮಾಡಿಟ್ಟುಕೊಂಡರು.

ಅಪ್ಪ ನಾಲ್ಕು ಜನರ ಮುಂದೆ ಅವಳಿಗೊಂದು ಮಾತು ಹೇಳಿದ. ನಮ್ಮ ಮನೆ ಹಿಂದಿನ, ರೇಷ್ಮೆ ಸಾಕುವ ಹಳೇ ಹುಳುಮನೆ, ಪಕ್ಕದ ಹಿಪ್ಪುನೇರಳೆ ತೋಟ, ಒಂದು ಹಸು ಅವಳಿಗೆ. "ಮೂರು ಬೆಳೆ ನೆಟ್ಟಗೆ ತೆಗಿ. ತೆಗುದ್ರೆ ಮನೆ ನಿಂದು, ಸಾಯೋಗಂಟ ಇರು, ಯಾರೂ ಕೇಳಾಕಿಲ್ಲ. ಒಂದು ಬೆಳೆ ಕೆಟ್ರೂ ಗಂಡನ್ ಮನೆ ಬಸ್ ಹತ್ಬೇಕು."

"ಆಯ್ತು ಕಣಣ್ಣ" ಎಂದಳು ಅತ್ತೆ. ಎರಡು ಬೆಳೆ ತೆಗೆದಳು. ಗೂಡಿನ ಮೂಟೆಯ ಮೇಲೆ ತಾನೇ ಕೂತು ರಾಮನಗರದ ಮಾರುಕಟ್ಟೆಗೆ ಹೋಗಿ ಬಂದಳು. ಬರುವಾಗ ಎರಡು ಸಲವೂ ನನಗೆ ಖಾರಾಬೂಂದಿ ತಂದಳು. ನಾನು ಮಾಡಿದ ದ್ರೋಹವನ್ನು ಅಳೆಯುವವರು ಆ ಎರಡು ಪೊಟ್ಟಣಗಳನ್ನೂ ಮರೆಯಬಾರದು.

ರೇಷ್ಮೆ ಸಾಕದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಮರಿಹುಳುಗಳನ್ನು ಮೊದಲ ಒಂದು ವಾರ ಜೋಪಾನ ಮಾಡಿ, ತಟ್ಟೆಗಳಲ್ಲಿ ಮನೆಮನೆಗೆ ತಂದುಕೊಡುವವನನ್ನು ನಮ್ಮ ಕಡೆ ಚಾಕಿಯವನು ಎನ್ನುತ್ತಾರೆ. ಅಲ್ಲಿಂದ ಮುಂದೆ ಹದಿನೆಂಟೋ ಇಪ್ಪತ್ತೋ ದಿನ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಆಮೇಲೆ ಒಂದು ದಿನ ಹುಳ ತಿನ್ನುವುದು ಬಿಟ್ಟು, ಮೈ ಹಳದಿಯಾಗಿ, ತಲೆ ಎತ್ತಿ ಅತ್ತ ಇತ್ತ ನೋಡತೊಡಗುತ್ತದೆ. ಇದಕ್ಕೆ ಹುಳ ಹಣ್ಣಾಯಿತು ಎನ್ನುವುದು. ಹಣ್ಣಾದ ಹುಳುವನ್ನು ಒಂದೊಂದಾಗಿ ಆಯ್ದು, ಗೂಡು ಕಟ್ಟಲಿಕ್ಕೆ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಎಲ್ಲ ಒಂದೇ ದಿನ, ಒಟ್ಟೊಟ್ಟಿಗೆ ಹಣ್ಣಾಗುತ್ತವೆ. ತಡವಾದರೆ ಕಸದಲ್ಲೇ ಗೂಡು ಕಟ್ಟಿ ಹಾಳಾಗುತ್ತವೆ. ಅಷ್ಟು ಸಾವಿರ ಹುಳು ಆಯುವುದು ಒಂದು ಮನೆಯವರಿಂದ ಆಗುವ ಕೆಲಸ ಅಲ್ಲ. ಅದಕ್ಕೇ ಮುಯ್ಯಾಳು. ಇವತ್ತು ನನ್ನ ಹುಳ ಹಣ್ಣಾದರೆ ನೀವು ಬರುತ್ತೀರಿ, ನಾಳೆ ನಿಮ್ಮದಕ್ಕೆ ನಾನು ಬರುತ್ತೇನೆ. ಬೇಲಿ ಜಗಳದಲ್ಲಿ ತಲೆ ಒಡೆದುಕೊಂಡವರೂ ಆ ದಿನ ಒಂದೇ ತಟ್ಟೆಯ ಎರಡು ಕಡೆ ಕೂತು, ಮುಖ ನೋಡದೆ ಹುಳು ಆಯುವುದನ್ನು ನಾನೇ ನೋಡಿದ್ದೇನೆ.

ಅತ್ತೆಯ ಮೂರನೇ ಬೆಳೆಗೆ ಚಾಕಿಯವನು ಮೊಪೆಡ್ಡಿನಲ್ಲಿ ಹುಳು ತಂದ ದಿನ ಮಳೆ ಹಿಡಿದುಕೊಂಡಿತು. ಅವನು ಚನ್ನಪಟ್ಟಣದ ಕಡೆಯವನು, ಸಾತನೂರಿನಲ್ಲಿ ಮನೆ ಮಾಡಿದ್ದ, ನಮ್ಮ ಜನದವನಲ್ಲ. ಮಳೆ ನಿಲ್ಲುವ ತನಕ ಹುಳುಮನೆಯ ಜಗಲಿಯಲ್ಲಿ ಕೂತ. ಹಸಿದವನಿಗೆ ಅತ್ತೆ ಮುದ್ದೆ ಇಕ್ಕಿದಳು. ಉಂಡು ಹೋದ. ನಡೆದದ್ದು ಇಷ್ಟು. ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅವನ ಪಕ್ಕದಲ್ಲೇ ಕೂತು ಎರಡನೇ ಮುದ್ದೆ ಉಂಡವನು ನಾನು.

ಆಗ ಹಾರೋಹಳ್ಳಿ ಕಡೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಒಂದರ ಹಿಂದೆ ಒಂದು ಫ್ಯಾಕ್ಟರಿ ಶೆಡ್ಡು ಏಳುತ್ತಿದ್ದವು. ಬೆಳಗ್ಗೆ ಆರಕ್ಕೆಲ್ಲ ಫ್ಯಾಕ್ಟರಿ ಬಸ್ಸು ನಮ್ಮೂರಿಗೇ ಬಂದು ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತಿತ್ತು. ಎರಡು ಸಲ ಫೇಲಾದವನಿಗೆ ಬಟ್ಟೆ ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿ ಕೆಲಸ ಸಿಕ್ಕಿತು. ಆದರೆ ನನ್ನ ನಿಜವಾದ ಕೆಲಸ ಬಸ್ಸಿನಲ್ಲಿತ್ತು. ದಿನಾ ಒಂದು ಐಟಮ್ ಮಾಡಿ ನಗಿಸಬೇಕು. ಸೂಪರ್‌ವೈಸರ್ ಕೆಮ್ಮುವುದು, ಕ್ಯಾಂಟೀನಿನ ಸಾಂಬಾರಿನಲ್ಲಿ ಬೇಳೆ ಹುಡುಕುವುದು, ಡ್ರೈವರ್ ಗೇರ್ ಹಾಕುವಾಗ ಬಸ್ಸು ನರಳುವುದು, ಎಲ್ಲ ಮಾಡಿ ಮುಗಿಸಿದ್ದೆ. ನಾನು ಹತ್ತಿದರೆ ಸಾಕು, ಹಿಂದಿನ ಸೀಟಿನವರೂ ಮುಂದೆ ಬರುತ್ತಿದ್ದರು. ಆ ಸುಖ ಹೇಳತೀರದು. ಮಾರ್ಕ್ಸ್ ಕಾರ್ಡಿನಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಗುತ್ತಿತ್ತು.

ನನ್ನ ಪಕ್ಕದ ಸೀಟು ನನ್ನ ಗೆಳೆಯನದು. ಊರ ಯಜಮಾನರ ಮಗ, ಅದೇ ಫ್ಯಾಕ್ಟರಿಯ ಕಟಿಂಗಿನಲ್ಲಿ ಕೆಲಸ. ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಒಂದೇ ಬುತ್ತಿ. ನಾನು ಐಟಮ್ ಮಾಡುವಾಗ "ಆಮ್ಯಾಕೆ? ಆಮ್ಯಾಕೆ?" ಎಂದು ಒಗ್ಗರಣೆ ಹಾಕುವುದು ಅವನ ಕೆಲಸ. ಆ ಮಳೆ ಬರುವ ಹಿಂದಿನ ದಿನ ನಾನು ಫ್ಯಾಕ್ಟರಿಯಲ್ಲಿ ನನ್ನದಲ್ಲದ ಟೇಬಲ್ಲಿಗೆ ಹೋಗಿ, ಇಸ್ತ್ರಿ ಪೆಟ್ಟಿಗೆ ಎಷ್ಟು ಕಾದಿದೆ ಎಂದು ಹೆಬ್ಬೆರಳಿಟ್ಟು ನೋಡಿದೆ. ಕಾದಿತ್ತು. ನೀರು ತಂದು ಬೆರಳು ಅದ್ದಿಸಿ, ತನ್ನ ಕರ್ಚೀಫು ಹರಿದು ಕಟ್ಟಿದವನು ಇದೇ ಗೆಳೆಯ. ನೀಲಿ ಚೌಕುಳಿ ಕರ್ಚೀಫು. ಇದನ್ನು ಒಸಿ ನೆನಪಿಟ್ಟುಕೊಳ್ಳಿ.

ಮಳೆ ಬಂದ ಮಾರನೇ ದಿನ ಬಸ್ ಹತ್ತಿದೆ, ಐಟಮ್ಮಿನ ಬುಟ್ಟಿ ಖಾಲಿ. ಮುಂದಿನ ಸೀಟಿನ ಹುಡುಗಿಯೊಬ್ಬಳು ತಿರುಗಿ, "ಏನಣ್ಣ, ಇವತ್ತು ಅಂಗಡಿ ಬಂದಾ?" ಎಂದಳು. ಅಷ್ಟು ಸಾಕಾಯಿತು.

"ಬಂದ್ ಅಲ್ಲವ್ವ, ಬೆರಳು ಸುಟ್ಕಂಡು ಕುಂತಿವ್ನಿ" ಎಂದು ಹೆಬ್ಬೆರಳೆತ್ತಿ ತೋರಿಸಿದೆ.

"ಹೆಂಗ್ ಸುಟ್ಕಂಡೆ?"

"ನಮ್ಮತ್ತೆ ಮನೇಗೆ ಚಾಕಿಯವ್ನು ಬಂದಿದ್ದ ಕಣ್ರವ್ವಾ. ಮೊಪೆಡ್ ಯಾರಾರ ನೋಡ್ಬುಟ್ರೆ ಅಂತ ಅದುಕ್ಕೊಂದು ಸೀರೆ ಉಡ್ಸಿ, ಕೊಟ್ಟಿಗೇಲಿ ಹಸಿನ್ ಪಕ್ಕ ಕಟ್ಟಾಕವ್ರೆ."

"ಆಮ್ಯಾಕೆ?" ಎಂದ ಗೆಳೆಯ.

"ಮುಂದೆ ಒಂದ್ ಹೊರೆ ಹುಲ್ಲು ಬ್ಯಾರೆ ಹಾಕವ್ರೆ. ನಂಗೇನ್ ಗೊತ್ತು? ಬೆಳಗ್ಗೆ ಹಾಲು ಕರೆಯಾಕೆ ಅಂತ ಚೆಂಬು ತಕ್ಕೊಂಡು ಹೋದೆ. ಸೀರೆ ಉಟ್ಟಿರೋ ಹಸ ನಮ್ಮನೇಲಿ ಯಾವಾಗ ಬಂತು ಅಂತ ಯೋಚ್ನೆ ಮಾಡ್ತಾ, ಕೆಚ್ಚಲು ಅಂತ ಕೈ ಹಾಕುದ್ರೆ ಸೈಲೆನ್ಸರ್! ಚುರ್ ಅಂತು! ಇನ್ನೂ ಬಿಸಿ!"

ಬಸ್ಸು ಎದ್ದು ಕುಣಿಯಿತು. ಡ್ರೈವರ್ ನಕ್ಕು ಎರಡು ಹಂಪು ನೋಡದೆ ಹತ್ತಿಸಿದ. ಮಧ್ಯಾಹ್ನ ಊಟಕ್ಕೆ ಬೇರೆ ರೂಟಿನ ಬಸ್ಸಿನವರೂ ಬಂದು ಕೇಳಿಸಿಕೊಂಡು ಹೋದರು. ನಾನು ಎರಡನೇ ಸಲ ಹೇಳುವಾಗ ಮೊಪೆಡ್ಡಿಗೆ ಕುಂಕುಮ ಇಟ್ಟೆ, ಮೂರನೇ ಸಲಕ್ಕೆ ಕೊರಳಿಗೆ ಗಂಟೆ ಕಟ್ಟಿದೆ.

ಮೂರನೇ ದಿನ ಸಂಜೆ ಬಸ್ಸಿಳಿದರೆ ಅರಳಿಕಟ್ಟೆಯಲ್ಲಿ ಜನ ಕೂತಿದ್ದರು. ಅಪ್ಪನೂ ಇದ್ದ, ಟವೆಲ್ ಬಿಚ್ಚಿ ಮಡಿಚಿ ಬಿಚ್ಚಿ ಮಡಿಚಿ ಮಾಡುತ್ತಿದ್ದ. ಯಜಮಾನರು ನನ್ನನ್ನು ಕರೆದರು.

"ಬಾ ಇಲ್ಲಿ. ನೀನೇ ಕಣ್ಣಾರೆ ನೋಡ್ದಂತೆ?"

"ಏನ್ನ?"

"ಅವನ್ ಮೊಪೆಡ್ ಬೆಳಗಾನ ನಿಮ್ಮತ್ತೆ ಕೊಟ್ಟಿಗೇಲಿ ಇದ್ದದ್ದ. ನಮ್ ಹುಡುಗ ಎಲ್ಲಾ ಹೇಳವ್ನೆ. ಕೈ ತೋರ್ಸು."

ತೋರಿಸಿದೆ. ಹೆಬ್ಬೆರಳಿನಲ್ಲಿ ಕೆಂಪು ಬೊಬ್ಬೆ, ಮೇಲೆ ನೀಲಿ ಚೌಕುಳಿ ಬಟ್ಟೆ. ಎಲ್ಲರೂ ಬಗ್ಗಿ ನೋಡಿದರು. ನಾನು ಗೆಳೆಯನ ಕಡೆ ನೋಡಿದೆ. ಆ ಬಟ್ಟೆಯ ಉಳಿದ ಮುಕ್ಕಾಲು ಭಾಗ ಅವನ ಜೇಬಿನಲ್ಲೇ ಇತ್ತು. ಅವನು ಅರಳಿಮರದ ಎಲೆ ಎಣಿಸುತ್ತಿದ್ದ.

"ಇಸ್ತ್ರಿ ಪೆಟ್ಟಿಗೆ ತಗುಲಿದ್ದು ದೊಡ್ಡಪ್ಪ" ಎಂದೆ.

"ಏನ್ ಇಸ್ತ್ರಿ ಮಾಡ್ತಿದ್ಯೋ?" ಎಂದ ಹಿಂದಿನಿಂದ ಯಾರೋ.

ಇಲ್ಲಿ ನಾನು ಒಂದು ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಅಷ್ಟು ಜನ ನನ್ನನ್ನೇ ನೋಡುತ್ತಿರುವಾಗ ನನ್ನ ನಾಲಿಗೆ ನನ್ನ ಅಪ್ಪಣೆ ಕೇಳುವುದಿಲ್ಲ. "ಮೊಪೆಡ್ಡಿನ ಸೀರೆ" ಎಂದೆ.

ಕಟ್ಟೆಗೆ ಕಟ್ಟೆಯೇ ನಕ್ಕಿತು. ಯಜಮಾನರೂ ನಕ್ಕರು. ಆ ನಗುವಿನಲ್ಲಿ ನಾನು ಹೇಳಿದ ಒಂದೇ ಒಂದು ನಿಜ ಕೊಚ್ಚಿಕೊಂಡು ಹೋಯಿತು. ಅದರ ಮೇಲೆ ಇನ್ನೊಬ್ಬರು, "ಕೊಟ್ಟಿಗೇಲಿ ಏನಕ್ಕೋ ಸೀರೆ ಹೊದ್ಸಿತ್ತು, ನಾನೂ ನೋಡಿವ್ನಿ" ಎಂದರು. ಹೊದಿಸಿದ್ದು ನಿಜ. ಚಂದ್ರಿಕೆಗಳಿಗೆ ದೂಳು ಕೂರಬಾರದೆಂದು ಅತ್ತೆ ತನ್ನ ಹಳೇ ಸೀರೆ ಹೊದಿಸಿದ್ದಳು.

ಮೂಲೆಯಲ್ಲಿದ್ದ ಮುದುಕರೊಬ್ಬರು, "ಆ ಹೆಣ್ಮಗೀನೂ ಒಂದ್ ಮಾತು ಕೇಳ್ಬೇಕಲ್ವೇನ್ರಪ್ಪ?" ಎಂದರು.

"ಕೇಳುದ್ರೆ ಇಲ್ಲ ಅಂತಾಳೆ. ಆಮೇಲೆ ಏನ್ ಮಾಡಾನ?" ಎಂದರು ಯಜಮಾನರು. "ಇನ್ಮ್ಯಾಲೆ ಆ ಬಾಗ್ಲಿಗೆ ಯಾರೂ ಹೋಗ್ಬ್ಯಾಡಿ. ಮಾತಿಲ್ಲ, ಕತೆ ಇಲ್ಲ, ಮುಯ್ಯಾಳಿಲ್ಲ. ಯಾರಾರ ಹೋದ್ರೋ, ಅವ್ರ ಹುಳ ಹಣ್ಣಾದಾಗ ಅವ್ರೇ ಆಯ್ಕೊಳ್ಳಿ."

ಅಪ್ಪ ಟವೆಲ್ ಕೊಡವಿ ಎದ್ದ. ನಮ್ಮ ಮನೆಯಲ್ಲೂ ಹುಳು ಇದ್ದವು, ಅತ್ತೆಯದಕ್ಕಿಂತ ಎರಡು ದಿನ ತಡವಾಗಿ ಹಣ್ಣಾಗುವಂಥವು. ಮಾರನೇ ದಿನ ನಮ್ಮ ಹಿತ್ತಲಿಗೂ ಹುಳುಮನೆಗೂ ನಡುವೆ ಮುಳ್ಳುಬೇಲಿ ಬಂತು. ಅವ್ವ ಏನೋ ಹೇಳಲು ಬಾಯಿ ತೆರೆದಳು. "ನಮ್ದೂ ಐತೆ ಹುಳ" ಎಂದ ಅಪ್ಪ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಪಿಯುಸಿಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದು ಬಹಳ ಹಳೇ ಕಾದಂಬರಿಯ ಕಥೆ ಹೇಳಿದ್ದರು. ಪಾಪ ಮಾಡಿದಳೆಂದು ಒಬ್ಬ ಹೆಂಗಸನ್ನು ಊರವರೆಲ್ಲ ಸೇರಿ ಒಂಟಿ ಮಾಡುತ್ತಾರೆ. ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಅವಳು ಬಂದರೆ ದಾರಿ ಬಿಟ್ಟು ಸರಿಯುತ್ತಾರೆ. ನಾನು ಕೈ ಎತ್ತಿ, "ಸಾರ್, ಅದುಕ್ಕೆ ಕಾರಣ ಆದವ್ನು ಎಲ್ಲಿ ಹೋಗಿದ್ದ ಸಾರ್?" ಎಂದಿದ್ದೆ, ಕ್ಲಾಸು ನಗಲಿ ಎಂದು. ಮೇಷ್ಟ್ರು ನಗದೆ, "ಎಲ್ಲೂ ಹೋಗಿರಲಿಲ್ಲ ಕಣಯ್ಯ, ಗುಂಪಲ್ಲೇ ನಿಂತಿದ್ದ" ಎಂದಿದ್ದರು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ನಾನು ಉತ್ತರ ಬರೆಯಲಿಲ್ಲ. ಕಟ್ಟೆಯಲ್ಲಿ ನಿಂತಾಗಲೂ ಬರೆಯಲಿಲ್ಲ.

ನಮ್ಮೂರಿನಲ್ಲೂ ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಅತ್ತೆ ಬಿಂದಿಗೆ ಹಿಡಿದು ನಲ್ಲಿಗೆ ಹೋದರೆ ಹೆಂಗಸರು ತುಂಬದ ಬಿಂದಿಗೆಯನ್ನೂ ಎತ್ತಿಕೊಂಡು ಸರಿದುಬಿಡುತ್ತಿದ್ದರು. ಮಿಲ್ಲಿನಲ್ಲಿ ಅವಳ ರಾಗಿಚೀಲ ಯಾವಾಗಲೂ ಕೊನೆಗೆ. ಹಾಲಿನವನು ಅವಳ ಹಾಲು ಅಳೆಯದೆ "ನೀರೈತೆ" ಎಂದು ವಾಪಸ್ ಕಳಿಸಿದ. ಹಾಲನ್ನೇನೋ ಮೊಸರು ಮಾಡೋಣವೆಂದರೆ ಹೆಪ್ಪಿಗೆ ಒಂದು ತೊಟ್ಟು ಮಜ್ಜಿಗೆ ಕೊಡುವ ಮನೆ ಇರಲಿಲ್ಲ. ಬೀದಿಯಲ್ಲಿ ಆಡುವ ಮಕ್ಕಳು ಅವಳ ಬಾಗಿಲ ಮುಂದೆ ಬಂದಾಗ ಓಡುತ್ತಿದ್ದವು. ಯಾಕೆ ಓಡಬೇಕೆಂದು ಅವಕ್ಕೂ ಗೊತ್ತಿರಲಿಲ್ಲ.

ಅವಳ ಮನೆಗೆ ಹೋಗುತ್ತಿದ್ದವನು ನಾನೊಬ್ಬನೇ. ಧೈರ್ಯದಿಂದಲ್ಲ. ನನ್ನನ್ನು ಊರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕೋಳಿ ಬೇಲಿ ನುಸುಳಿ ಹೋದರೆ ಯಾರು ದಂಡ ಹಾಕುತ್ತಾರೆ? ದಿನಾ ಸಂಜೆ ಬಸ್ಸಿಳಿದು ಹೋಗಿ ಸೊಪ್ಪು ಕೊಯ್ದು ಕೊಡುತ್ತಿದ್ದೆ. ಹೆಪ್ಪಿಗೆ ಅವ್ವನ ಮಜ್ಜಿಗೆ ಕದ್ದು ಒಯ್ಯುತ್ತಿದ್ದೆ. ಹೋಗುವಾಗ ಪ್ರತಿದಿನ ತೀರ್ಮಾನ ಮಾಡುತ್ತಿದ್ದೆ, ಇವತ್ತು ಹೇಳಿಬಿಡಬೇಕು, ಆ ಕಥೆ ಕಟ್ಟಿದವನು ನಾನೇ ಎಂದು. ಒಂದು ದಿನ ಅವಳು ಸೊಪ್ಪು ಹಾಕುತ್ತಿದ್ದಳು, ತೊಂದರೆ ಕೊಡಬಾರದೆನಿಸಿತು. ಒಂದು ದಿನ ಹುಳ ಪೊರೆ ಬಿಡಲು ಸೊಪ್ಪು ಮುಟ್ಟದೆ, ನಮ್ಮ ಕಡೆ ಹೇಳುವ ಹಾಗೆ ಜ್ವರಕ್ಕೆ ಕೂತಿದ್ದವು, ಹುಳುಗಳ ಮುಂದೆ ಅಂಥ ಮಾತು ಆಡಬಾರದೆನಿಸಿತು. ಇನ್ನೊಂದು ದಿನ ಅವಳು ಬಜ್ಜಿ ಮಾಡಿದ್ದಳು. ಬಜ್ಜಿ ತಿಂದೆ. ಬದಲಿಗೆ ಸೂಪರ್‌ವೈಸರ್ ಕೆಮ್ಮುವುದನ್ನು ಮಾಡಿ ತೋರಿಸಿದೆ. ಅವಳು ನಕ್ಕಳು.

"ಯಾಕತ್ತೆ ಊರ್ನೋರು ಹಿಂಗ್ ಮಾಡ್ತಾವ್ರೆ?" ಎಂದೂ ಒಂದು ಸಲ ಕೇಳಿದೆ. ಈ ಬಾಯಿಂದಲೇ.

"ಗೊತ್ತಿಲ್ಲ ಕಣ್ಮಗ" ಎಂದು ತಟ್ಟೆಯತ್ತ ತಿರುಗಿದಳು. "ಹುಳ ಹಣ್ಣಾಗ್ಲಿ, ಬತ್ತಾರೆ. ಹಣ್ಣುಳ ಇಟ್ಕಂಡಿರೋ ಮನೇಗೆ ಯಾರೂ ಬರ್ದೆ ಇರಾಕಿಲ್ಲ."

ಅವಳು ನಂಬಿದ್ದು ಅದೊಂದನ್ನೇ. ನನಗೆ ನಂಬಿಕೆ ಇರಲಿಲ್ಲ, ಆದರೆ ಗೆಳೆಯ ಇದ್ದ. ಹುಳ ಹಣ್ಣಾಗುವ ಹಿಂದಿನ ಸಂಜೆ ಅವನನ್ನು ಹಿಡಿದೆ. "ನಿಮ್ಮಪ್ಪಂಗೆ ಏನಾರ ಹೇಳ್ಕೊ. ನಾಳೆ ನಾಲ್ಕು ಜನ ಹುಡುಗ್ರನ್ನ ಕರ್ಕಂಡು ಬಂದ್ಬುಡು. ರಜಾ ಹಾಕ್ಸು."

"ಬತ್ತೀನಿ ಕಣ್ಲಾ."

"ಆಣೆ?"

ಅವನು ಕೈಯಲ್ಲಿ ಕಟ್ಟಿದ್ದ ಕಬ್ಬಾಳಮ್ಮನ ದಾರ ಮುಟ್ಟಿದ. ನಾನು ಹಗುರಾಗಿ ಮನೆಗೆ ಹೋಗಿ ಎರಡು ಮುದ್ದೆ ಉಂಡು ಮಲಗಿದೆ.

ಬೆಳಕು ಹರಿಯುವಾಗ ಹುಳುಮನೆಗೆ ಹೋದೆ. ತಟ್ಟೆ ತಟ್ಟೆಯಲ್ಲೂ ಹುಳ ಹಳದಿ ತಿರುಗಿ ತಲೆ ಎತ್ತಿದ್ದವು. ಅತ್ತೆ ಸೆರಗು ಸಿಕ್ಕಿಸಿ, ಬಾಗಿಲಲ್ಲಿ ನಿಂತು, ನಮ್ಮ ಕಡೆ ಪದ್ಧತಿ ಇರುವ ಹಾಗೆ ಬೀದಿಗೆ ಕೇಳುವಂತೆ ಕೂಗಿದಳು.

"ಹುಳ ಹಣ್ಣಾಗವೆ, ಬನ್ರವ್ವಾ!"

ಎದುರು ಮನೆಯಲ್ಲಿ ಕಸ ಗುಡಿಸುತ್ತಿದ್ದ ಪೊರಕೆ ನಿಂತಿತು. ಆಮೇಲೆ ಬಾಗಿಲು ಹಾಕಿದ ಸದ್ದು. ಅತ್ತೆ ಇನ್ನೊಂದು ಸಲ ಕೂಗಿದಳು. ನಮ್ಮ ಹಿತ್ತಲಿನಲ್ಲಿ ಅಪ್ಪ ಕೆಮ್ಮಿದ. ಬೇಲಿ ಅಲ್ಲಾಡಲಿಲ್ಲ.

"ನನ್ ಗೆಳೆಯರು ಬತ್ತಾವ್ರೆ ಅತ್ತೆ, ಇನ್ನೇನ್ ಬಂದ್ರು" ಎಂದೆ. ಇಬ್ಬರೂ ಆಯತೊಡಗಿದೆವು. ಆರು ಗಂಟೆಗೆ ಬಸ್ಸು ಬಂತು. ಅದು ಅತ್ತೆಯ ಬಾಗಿಲ ಮುಂದೆಯೇ ಹೋಗಬೇಕು. ನಾನು ಹೊರಗೆ ಬಂದು ನೋಡಿದೆ. ಈ ಕಡೆಯ ಕಿಟಕಿಗಳಲ್ಲಿ ಕೂತವರೆಲ್ಲ, ನಾನು ಅಷ್ಟು ದಿನ ನಗಿಸಿದವರೆಲ್ಲ, ಕತ್ತು ತಿರುಗಿಸಿ ಆ ಕಡೆ ನೋಡುತ್ತಿದ್ದರು. ಆ ಕಡೆ ಒಂದು ತಿಪ್ಪೆ ಬಿಟ್ಟರೆ ಏನೂ ಇರಲಿಲ್ಲ. ನನ್ನ ಸೀಟು ಖಾಲಿ ಇತ್ತು. ಅದರ ಪಕ್ಕದಲ್ಲಿ ಗೆಳೆಯ ಇದ್ದ.

ಓಡಿದೆ. ಒಂದು ಚಪ್ಪಲಿ ತಿಪ್ಪೆಯ ಹತ್ತಿರ ಕಳಚಿಬಿತ್ತು, ಇನ್ನೊಂದನ್ನು ನಾನೇ ಒದ್ದೆ. ಮೂಲೆಯಲ್ಲಿ ಯಾರನ್ನೋ ಹತ್ತಿಸಿಕೊಳ್ಳಲು ನಿಂತ ಬಸ್ಸಿನ ಫುಟ್‌ಬೋರ್ಡಿಗೆ ಹಾರಿ ಕೂಗಿದೆ. "ಸುಳ್ಳು ಕಣ್ರೋ! ಮೊಪೆಡ್ ಇರ್ಲಿಲ್ಲ, ಸೀರೆ ಇರ್ಲಿಲ್ಲ, ನಾನು ಕೊಟ್ಟಿಗೇಗೇ ಹೋಗಿಲ್ಲ! ಹುಟ್ಟಿದಾಗ್ಲಿಂದ ಒಂದ್ ಹಸ ಕರೆದಿಲ್ಲ ನಾನು!"

ಬಸ್ಸು ಬಿದ್ದು ಬಿದ್ದು ನಕ್ಕಿತು. ಬರಿಗಾಲು, ತಲೆಗೂದಲಲ್ಲಿ ಸೊಪ್ಪಿನ ಚೂರು, ಕೈಯಲ್ಲಿ ಮರೆತು ಹಿಡಿದುಕೊಂಡು ಬಂದ ಒಂದು ಹಣ್ಣುಹುಳು. ನನ್ನ ಜೀವಮಾನದ ಅತ್ಯುತ್ತಮ ಐಟಮ್ ಅದೇ ಇರಬೇಕು. "ಆಮ್ಯಾಕೆ?" ಎಂದರು ಯಾರೋ. ಈ ಸಲ ಹೇಳಿದವನು ಗೆಳೆಯನಲ್ಲ. ಅಂಗಡಿ ಬಂದಾ ಎಂದು ಕೇಳಿದ್ದ ಹುಡುಗಿ ಮಾತ್ರ ನಗದೆ ಬುತ್ತಿಯ ಬ್ಯಾಗನ್ನು ನೋಡುತ್ತಿದ್ದಳು.

ಗೆಳೆಯನ ಹತ್ತಿರ ಹೋದೆ. "ಆಣೆ ಹಾಕಿದ್ದಲ್ಲೋ."

"ಅಪ್ಪ ಬುಡಾಕಿಲ್ಲ ಕಣ್ಲಾ."

"ಈ ಬೆರಳಿಗೆ ಬಟ್ಟೆ ಕಟ್ಟಿದ್ದು ಯಾರ್ಲಾ? ನಿಂಗೊತ್ತಿತ್ತಲ್ಲ ಸುಳ್ಳು ಅಂತ."

"ಗೊತ್ತಿತ್ತು" ಎಂದ, ಅಷ್ಟು ಸಲೀಸಾಗಿ. "ಅಪ್ಪನ ಮುಂದೆ ಮೊದ್ಲು ನಗ್ತಾ ಹೇಳ್ದೆ ಕಣ್ಲಾ. ಅವ್ನು ನಗ್ಲಿಲ್ಲ. ನಿಜವೇನ್ಲಾ ಅಂದ. ಆಮ್ಯಾಕೆ ಸುಳ್ಳು ಅಂದ್ರೆ ಒದೀತಿದ್ದ. ನೀನೇ ಕಟ್ಟೆ ಮ್ಯಾಲೆ ಹೇಳ್ಬೌದಿತ್ತಲ್ಲ, ನಾನ್ಯಾಕೆ ಹೇಳ್ಲಿ?"

ಹದಿನೈದು ವರ್ಷ ಒಂದೇ ಬುತ್ತಿ ತಿಂದವನ ಮೇಲೆ ಕೈ ಎತ್ತಬೇಕೆನಿಸಿತು. ಕೈಯಲ್ಲಿ ಹುಳು ಇತ್ತು. ಇಳಿದುಬಿಟ್ಟೆ. ದಾರಿಯುದ್ದಕ್ಕೂ ಅವನನ್ನು ಬೈದುಕೊಂಡು ಬಂದೆ. ಮೋಸಗಾರ, ಬೆನ್ನಿಗೆ ಚೂರಿ ಹಾಕಿದವನು, ಅಂಜುಬುರುಕ. ಹುಳುಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಗಮನಕ್ಕೆ ಬಂತು, ಆ ಬೈಗುಳ ಒಂದೊಂದೂ ನನ್ನ ಅಳತೆಗೇ ಹೊಲಿಸಿದ ಹಾಗಿತ್ತು.

ಅತ್ತೆ ಕೇಳಲಿಲ್ಲ, ಯಾರೂ ಬರಲಿಲ್ಲವಾ ಎಂದು. ಆಯುತ್ತಿದ್ದಳು. ಹೊತ್ತು ಏರಿದಂತೆ ಹುಳುಗಳು ತಟ್ಟೆಯ ಅಂಚು ಹತ್ತಿ ನೆಲಕ್ಕೆ ಬೀಳತೊಡಗಿದವು. ಕೆಲವು ಆಗಲೇ ಕಡ್ಡಿ ಕಸದಲ್ಲಿ ನೂಲು ಬಿಡುತ್ತಿದ್ದವು. ನಾನು ಒಂದು ಹಿಡಿ ಆಯುವಷ್ಟರಲ್ಲಿ ಅವಳು ಒಂದು ಮೊರ ಆಯುತ್ತಿದ್ದಳು. ಆದರೂ ಮುಗಿಯುವ ಲಕ್ಷಣ ಇರಲಿಲ್ಲ.

ಆಗ ಬೀದಿಯಲ್ಲಿ ಮೊಪೆಡ್ಡಿನ ಸದ್ದು ಕೇಳಿತು. ತಾನು ಕೊಟ್ಟ ಹುಳು ಹಣ್ಣಾಗುವ ದಿನ ಬಂದು ನೋಡುವುದು ಚಾಕಿಯವನ ರೂಢಿ. ಊರಿನ ಸುದ್ದಿ ಅವನಿಗೆ ತಲುಪಿರಲಿಲ್ಲ. ಬಾಗಿಲಲ್ಲೇ ನಿಂತ.

"ಏನಕ್ಕ, ಆಳಿಲ್ವಾ? ಇಬ್ರೇ ಇದ್ದೀರಿ?" ಎಂದು ತೋಳು ಮಡಚಿದ. "ತಡೀರಿ, ನಾನೂ ಕೂರ್ತೀನಿ."

ಅತ್ತೆ ಹುಳು ಹಿಡಿದ ಕೈ ಹಾಗೇ ನಿಲ್ಲಿಸಿದಳು. ಎದುರು ಮನೆಯ ಬಾಗಿಲು ಒಂದು ಗೇಣು ತೆರೆದಿತ್ತು. ಕಿಟಕಿಗಳಲ್ಲಿ ಕಣ್ಣುಗಳಿದ್ದವು. ಅವನನ್ನು ಒಳಗೆ ಕರೆದರೆ ನಾನು ಕಟ್ಟಿದ ಕಥೆ ಊರಿಗೆ ನಿಜವಾಗುತ್ತಿತ್ತು, ಕರೆಯದಿದ್ದರೆ ಬೆಳೆ ಹೋಗುತ್ತಿತ್ತು.

"ನಿನ್ ಹೆಂಡ್ತಿ ಮನೇಲವ್ಳಾ?" ಎಂದಳು ಅತ್ತೆ, ಬೀದಿಗೂ ಕೇಳುವಂತೆ.

"ಅವ್ಳೆ ಅಕ್ಕ."

"ಹೋಗಿ ಕರ್ಕಂಡ್ ಬಾ. ನಿಮ್ಮವ್ವನ್ನೂ ಕರಿ. ಬ್ಯಾಗ ಬನ್ನಿ."

ಬೇಗನೇ ಬಂದರು, ಒಂದೇ ಮೊಪೆಡ್ಡಿನಲ್ಲಿ ಮೂವರು. ಅತ್ತೆ ಹುಳುಮನೆಯ ಎರಡೂ ಬಾಗಿಲು ಪೂರ್ತಿ ತೆಗೆದು ಕಲ್ಲು ಕೊಟ್ಟು ನಿಲ್ಲಿಸಿದಳು. ಮೊಪೆಡ್ ಬೀದಿ ಮಧ್ಯದಲ್ಲೇ ನಿಂತಿತ್ತು, ಮೈಮೇಲೆ ಒಂದು ತುಂಡು ಬಟ್ಟೆಯಿಲ್ಲದೆ. ಬಂದವರು ಏನೂ ಕೇಳದೆ ಕೂತು ಆಯ್ದರು. ಚಾಕಿಯವನ ಹೆಂಡತಿಯ ಬೆರಳುಗಳು ಕಾಣುತ್ತಲೇ ಇರಲಿಲ್ಲ, ಅಷ್ಟು ಬೇಗ. ಮಧ್ಯಾಹ್ನದ ಹೊತ್ತಿಗೆ ಚಂದ್ರಿಕೆಗಳೆಲ್ಲ ತುಂಬಿದವು. ಒಂದಿಷ್ಟು ಹಾಳಾದವು, ಅಷ್ಟೇ.

ಬೆಳೆ ನಿಂತಿತು. ಆರನೇ ದಿನ ಗೂಡು ಬಿಡಿಸಿ, ಅತ್ತೆ ರಾಮನಗರಕ್ಕೆ ಹೋಗಿ ಬಂದಳು. ಆ ಸಂಜೆ ಅಪ್ಪ ಬೇಲಿಯ ಹತ್ತಿರ ಬಂದು ನಿಂತ.

"ಮೂರು ಬೆಳೆ ತೆಗೆದಿದ್ದೀಯ. ಮಾತ್ ಕೊಟ್ಟಿವ್ನಿ. ಮನೆ ನಿಂದೇ" ಎಂದ. ಆಮೇಲೆ ಬೇಲಿಯ ಮುಳ್ಳು ಒಂದನ್ನು ಮುರಿಯುತ್ತಾ, "ಯಜಮಾನ್ರ ಮುಂದೆ ಹೋಗಿ ಒಂದ್ ಸಲ ತಪ್ಪಾಯ್ತು ಅಂದ್ಬುಡು. ಅಷ್ಟೇಯ. ಎಲ್ಲಾ ಸರಿಹೋಯ್ತದೆ" ಎಂದ.

"ಯಾವ್ ತಪ್ಪು ಅಣ್ಣ?"

ಅಪ್ಪ ಮುಳ್ಳು ಮುರಿಯುತ್ತಲೇ ಇದ್ದ. ನಾನು ಅಲ್ಲೇ ಇದ್ದೆ, ಇಬ್ಬರ ನಡುವೆ, ಸೊಪ್ಪಿನ ಕುಡುಗೋಲು ಹಿಡಿದು. ಆಗಲೂ ಹೇಳಲಿಲ್ಲ.

"ತಪ್ ಮಾಡಿದ್ರೆ ತಪ್ಪಾಯ್ತು ಅಂತಿದ್ದೆ" ಎಂದಳು ಅತ್ತೆ.

ಮಾರನೇ ಬೆಳಗ್ಗೆ ಟ್ರಂಕು ಹೊರಗೆ ಬಂದಿತ್ತು. ಗಂಡನ ಮನೆಗಲ್ಲ, ಸಾತನೂರಿಗೆ. ಚಾಕಿಯವನ ಹೆಂಡತಿ ತನ್ನ ಮನೆಯ ಬೀದಿಯಲ್ಲೇ ಒಂದು ಕೋಣೆ ನೋಡಿದ್ದಳು, ಮರಿಹುಳು ಸಾಕಲಿಕ್ಕೆ ಜೊತೆಗೆ ಕೈ ಬೇಕಿತ್ತಂತೆ. ಅಷ್ಟು ಕಷ್ಟಪಟ್ಟು ಗೆದ್ದ ಮನೆಗೆ ಅತ್ತೆ ತಾನೇ ಬೀಗ ಹಾಕಿ, ಕೀಲಿಯನ್ನು ಬೇಲಿಗೆ ಸಿಕ್ಕಿಸಿದಳು. ಟ್ರಂಕು ಹೊತ್ತು ನಾನು ಬಸ್ ಸ್ಟಾಪಿಗೆ ಬಂದೆ. ಸರ್ಕಾರಿ ಬಸ್ಸು ತಿರುವಿನಲ್ಲಿ ಕಾಣಿಸಿದಾಗ, ಇನ್ನು ಹೇಳದಿದ್ದರೆ ಆಗುವುದಿಲ್ಲವೆಂದು, ಟ್ರಂಕು ತಲೆಯ ಮೇಲೆ ಇಟ್ಟುಕೊಂಡೇ ಹೇಳಿದೆ.

"ಅತ್ತೆ, ಆ ಮೊಪೆಡ್ ಕತೆ ಕಟ್ಟಿದ್ದು ನಾನೇ ಕಣತ್ತೆ."

ಅವಳು ನನ್ನ ತಲೆಯಿಂದ ಟ್ರಂಕು ಇಳಿಸಿಕೊಂಡಳು.

"ಗೊತ್ತು ಕಣ್ಮಗ. ನೀನು ಬಸ್ಸಲ್ಲಿ ಹೇಳ್ದ ದಿನಾನೇ ಸಂಜೇಲಿ ಆ ಮುಂದಿನ್ ಸೀಟಿನ ಹುಡುಗಿ ಬಂದು ಹೇಳಿ ಹೋದ್ಳು. ಇವತ್ ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ನೋಡ್ತಾನೇ ಇದ್ದೆ. ಊರೆಲ್ಲಾ ಮಾತು ಬುಡ್ತು, ಸರಿ, ಬುಟ್ಟವ್ರೆ ಅಂತ ಗೊತ್ತಿತ್ತು. ನೀನು ದಿನಾ ಬಂದು ಅಷ್ಟುದ್ದ ಮಾತಾಡ್ತಿದ್ದೆ ನೋಡು, ಅದು ಕಷ್ಟ ಆಯ್ತಿತ್ತು ಕಣಪ್ಪ." ಬಸ್ಸು ಬಂದು ನಿಂತಿತು. ಟ್ರಂಕು ಒಳಗಿಟ್ಟು, ಮೆಟ್ಟಿಲ ಮೇಲೆ ನಿಂತು ತಿರುಗಿದಳು. "ಬೆರಳು ವಾಸಿ ಆಯ್ತಾ? ಆ ಬಟ್ಟೆ ಬಿಚ್ಚಿ ಬಿಸಾಕು, ನಾತ ಬತ್ತೈತೆ."